ದುರ್ಗೇಶನ ಹೆಸರಿಗೆ ಬಿದ್ದ ಚುಕ್ಕಿ

ಹೊಸದುರ್ಗದ ಒಬ್ಬ ಮೆಕ್ಯಾನಿಕ್ ನನ್ನ ಕಾರಿನ ಒಳ್ಳೆ ರೇಡಿಯೇಟರ್ ಬಿಚ್ಚಿಕೊಂಡು, ಬೆಸುಗೆ ಹಾಕಿದ ಹಳೆಯದನ್ನು ಕೂರಿಸಿ, ಮೇಲೆ ಕಪ್ಪು ಬಣ್ಣ ಬಳಿದು ಕೊಟ್ಟ. ಹೋಗಿ ಕೇಳಿದರೆ, "ನಿಮ್ದೇ ಕಣ್ರಿ ಅದು. ಅಲ್ಲ ಅನ್ನಾಕೆ ಗುರುತೇನೈತೆ?" ಅಂದ. ಗುರುತು ಇರಲಿಲ್ಲ. ಐದು ವರ್ಷವಾಯಿತು, ಆ ಸಿಟ್ಟು ಇಳಿದಿಲ್ಲ. ಅವನ ಅಂಗಡಿ ಮುಂದೆ ಹಾಯುವಾಗ ಈಗಲೂ ಉಗುಳಿಯೇ ಮುಂದೆ ಹೋಗುತ್ತೇನೆ. ಆದರೆ ಆ ಸಿಟ್ಟಿನ ಪೆಟ್ಟು ಬಿದ್ದದ್ದು ಹಿರಿಯೂರಿನ ದುರ್ಗೇಶನಿಗೆ.

ದುರ್ಗೇಶ ಹರಿಯಬ್ಬೆಯವನು, ಆಗ ಮೂವತ್ತರ ಆಸುಪಾಸು. ಹಿರಿಯೂರಿನ ಓಬಯ್ಯನ, ಲೋಹ ಕಡೆಯುವ ಲೇತ್ ಅಂಗಡಿಯಲ್ಲಿ ಎಂಟು ವರ್ಷ ದುಡಿದು, ಪಕ್ಕದಲ್ಲೇ ತಗಡಿನ ಶೆಡ್ ಹಾಕಿ ಸ್ವಂತ ಗ್ಯಾರೇಜು ಇಟ್ಟಿದ್ದ. ಬೋರ್ಡು ಇರಲಿಲ್ಲ. "ಅಲ್ಲಿ ಬಿಡ್ರಿ, ಅವನು ಕಳ್ಳ ಅಲ್ಲ" ಎಂದು ಓಬಯ್ಯ ಹೇಳಿ ಕಳಿಸಿದ ಗಾಡಿಗಳೇ ಅವನ ಜೀವನ. ಬಿಚ್ಚಿದ ಹಳೇ ಸಾಮಾನನ್ನು ಒರೆಸಿ, ಪೇಪರಿನಲ್ಲಿ ಸುತ್ತಿ, ಗಾಡಿಯವರ ಕೈಗೇ ಕೊಡುತ್ತಿದ್ದ. ಬೇಡ ಅಂದರೆ ಡಿಕ್ಕಿಯಲ್ಲಿಟ್ಟು, "ಬಿಸಾಕಾದಾದ್ರೆ ನಿಮ್ಮನೆ ತಿಪ್ಪೆಗೆ ಬಿಸಾಕ್ರಿ, ನನ್ನ ಹತ್ರ ಬೇಡ" ಅನ್ನುತ್ತಿದ್ದ.

ನನ್ನ ಹೆಂಡತಿ ಅನುಸೂಯಳ ಎರಡೂ ಕಿಡ್ನಿ ಹೋಗಿವೆ. ಮಂಗಳವಾರ, ಶುಕ್ರವಾರ ಚಿತ್ರದುರ್ಗದಲ್ಲಿ ಡಯಾಲಿಸಿಸ್. ಮತ್ತೋಡಿನಿಂದ ಅಲ್ಲಿಗೆ ಈ ಹಳೇ ಕಾರೇ ದಿಕ್ಕು. ಆ ರೇಡಿಯೇಟರ್ ಹೋದ ವರ್ಷವೇ ದಸರೆಯ ವಾರ, ಮಂಗಳವಾರ ವಾಪಸು ಬರುವಾಗ ಹಿರಿಯೂರಿನ ಹತ್ತಿರ ಕಾರು ಕುದಿದು ನಿಂತಿತು. ಅವಳನ್ನು ಅಲ್ಲೇ ಅವಳಕ್ಕ ಜಯಕ್ಕನ ಮನೆಗೆ ಬಿಟ್ಟು, ಕಾರನ್ನು ಎಳೆಸಿಕೊಂಡು ದುರ್ಗೇಶನ ಶೆಡ್ಡಿಗೆ ಹೋದೆ.

ಎಂಜಿನ್ನಿನ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ ಸೊಟ್ಟಗಾಗಿತ್ತು. ಗುರುವಾರ ಓಬಯ್ಯ ಅದರ ತಳವನ್ನು ಮಿಷನ್ನಿಗೆ ಕೊಟ್ಟು ಕನ್ನಡಿಯ ಹಾಗೆ ನುಣ್ಣಗೆ ಮಾಡಿದ. ಎಣ್ಣೆ ಸವರಿ, ಪೇಪರು ಅಂಟಿಸಿ, ಬೆಂಚಿನ ಮೇಲಿಟ್ಟ. ಅಲ್ಲಿ ಅಂಥವೇ ಇನ್ನೂ ಮೂರು ಹೆಡ್ ಇದ್ದವು.

"ಸಂಜೆ ದುರ್ಗೇಶ ತಗಂಡೋಗಿ ಕೂರಿಸ್ತಾನೆ. ನೀನು ಹೋಗಿ ನಿನ್ನ ಹೆಂಡ್ತಿ ನೋಡ್ಕ ತಿಮ್ಮಪ್ಪ" ಎಂದು ಓಬಯ್ಯ ಲೇತಿನ ಕಡೆ ತಿರುಗಿದ.

ನಾಲ್ಕೂ ಒಂದೇ ಥರ. ನನ್ನದು ಯಾವುದು ಅಂತ ನಾಳೆ ಹೇಗೆ ಹೇಳಲಿ? ಬೆಂಚಿನ ಮೇಲೆ ಸೆಂಟರ್ ಪಂಚ್, ಅಂದರೆ ಲೋಹಕ್ಕೆ ಚುಕ್ಕಿ ಹೊಡೆಯುವ ಮೊಳೆ, ಬಿದ್ದಿತ್ತು. ಲೇತ್ ಸದ್ದು ಮಾಡುತ್ತಿರುವಾಗಲೇ ಪೇಪರು ಎತ್ತಿ, ಚೆನ್ನಾಗಿ ಕಾಣಲಿ ಎಂದು ನುಣ್ಣನೆಯ ಜಾಗದಲ್ಲೇ, ಎರಡು ತೂತಿನ ನಡುವೆ, ಸುತ್ತಿಗೆಯಿಂದ ಒಂದೇಟು ಕೊಟ್ಟೆ. ಚುಕ್ಕಿ ಮೂಡಿತು. ಪೇಪರು ಮುಚ್ಚಿ ಬಂದೆ. ಹಬ್ಬದ ಮುಂಚಿನ ಸಂಜೆಯ ಅವಸರದಲ್ಲಿ ದುರ್ಗೇಶ ಅದನ್ನು ನೋಡದೆ ಕೂರಿಸಿದ.

ಶುಕ್ರವಾರ ಆಯುಧ ಪೂಜೆ. ಬೆಳಿಗ್ಗೆ ಶೆಡ್ಡಿಗೆ ಹೋಗಿ ಕಾರು ಸ್ಟಾರ್ಟ್ ಮಾಡಿದರೆ ಮತ್ತೆ ಬಿಳಿ ಹೊಗೆ, ನೀರಿನಲ್ಲಿ ಗುಳ್ಳೆ. ಜಯಕ್ಕನ ಮನೆಯಲ್ಲಿ ಅನುಸೂಯಳಿಗೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಗೋಡೆಗೆ ಒರಗಿ ಕೂತಿದ್ದಳು. ಮುಖ ಊದಿ ಕಣ್ಣು ಸಣ್ಣಗಾಗಿದ್ದವು. ಆಸ್ಪತ್ರೆಯಲ್ಲಿ ಎರಡು ಗಂಟೆಯ ಪಾಳಿ, ತಪ್ಪಿದರೆ ಹಬ್ಬ ಕಳೆದು ಸೋಮವಾರ. ಬಸ್ಸಿನ ಮೆಟ್ಟಿಲು ಹತ್ತುವ ಶಕ್ತಿ ಅವಳಿಗಿಲ್ಲ. ಬಾಡಿಗೆ ಕಾರಿನವರು ಗಾಡಿ ತೊಳೆದು ಬಾಳೆಕಂದು ಕಟ್ಟುತ್ತಿದ್ದರು. "ಪೂಜೆ ಆಗ್ದೆ ಗಾಡಿ ತೆಗೆಯಲ್ಲ ಅಣ್ಣ, ಸಂಜೆ ನೋಡಾಣ" ಅಂದರು. ಸಂಜೆ ನೋಡಲು ಅವಳು ಇರಬೇಕಲ್ಲ.

ದುರ್ಗೇಶ ಸ್ನಾನ ಮಾಡಿ ಹೊಸ ಅಂಗಿ ಹಾಕಿದ್ದವನು ಅದರಲ್ಲೇ ಹೆಡ್ ಬಿಚ್ಚಿದ. ಸಿಟ್ಟಿನಲ್ಲಿ ಚುಕ್ಕಿ ಇದೆಯಾ ಎಂದು ನೋಡುವುದನ್ನೂ ಮರೆತು, ಅದನ್ನು ಹೊತ್ತುಕೊಂಡು ಓಬಯ್ಯನ ಅಂಗಡಿಗೆ ನುಗ್ಗಿದೆ. ದುರ್ಗೇಶನೂ ಹಿಂದೆಯೇ ಬಂದ. ಲೇತಿಗೆ ಕುಂಕುಮ, ಚೆಂಡುಹೂವು. ಸ್ಪಾನರು, ಅರ, ಎಲ್ಲ ಪೂಜೆಗೆ ಕೂತಿದ್ದವು. ನೆಂಟರು, ಅಕ್ಕಪಕ್ಕದವರು ಸೇರಿದ್ದರು. ಎಲ್ಲರ ಎದುರು ಓಬಯ್ಯನಿಗೆ, "ನೀನೂ ಕಳ್ಳನೇ ಕಣಲೇ. ನನ್ನ ಹೆಡ್ ಇಟ್ಕಂಡು ಯಾವನದೋ ಕೊಟ್ಟಿದೀಯ" ಎಂದು ಕೂಗಾಡಿದೆ.

ಓಬಯ್ಯ ಹೆಡ್ಡನ್ನು ಬೆಳಕಿಗೆ ಹಿಡಿದು ಉಗುರಿನಿಂದ ಸವರಿದ. ಒಂದು ಕಡೆ ಉಗುರು ನಿಂತಿತು.

"ಇಲ್ಲಿ ಯಾವನೋ ಪಂಚ್ ಹೊಡೆದವ್ನೆ. ಚುಕ್ಕಿ ಸುತ್ತ ಲೋಹ ಉಬ್ಬೈತೆ, ನಡುವಿನ ಗ್ಯಾಸ್ಕೆಟ್ ಹಾಳೆ ಬಿಗಿಯಾಗಿ ಕೂತಿಲ್ಲ. ಅದಕ್ಕೇ ಎಂಜಿನ್ ಒಳಗೆ ನೀರು ನುಗ್ಗೈತೆ. ಯಾರು ಹೊಡೆದದ್ದು?"

ನನ್ನದೇ ಚುಕ್ಕಿ. ಎಲ್ಲರೂ ನೋಡುತ್ತಿದ್ದರು. "ನನಗೇನು ಗೊತ್ತು. ಕೂರಿಸಿದವನು ದುರ್ಗೇಶ" ಅಂದೆ.

"ಏನಲೇ, ನಾನು ಕಲಿಸಿದ್ದು ಇದೇನಾ?" ಎಂದು ಓಬಯ್ಯ ಅವನ ಕಡೆ ತಿರುಗಿದ.

ದುರ್ಗೇಶ ಚುಕ್ಕಿ ನೋಡಿದ, ನನ್ನ ಮುಖ ನೋಡಿದ. ಅವನಿಗೆ ತಿಳಿಯಿತು ಅಂತ ನನಗೂ ತಿಳಿಯಿತು.

"ಆಯ್ತು ಗುರುಗಳೇ, ನಾನೇ ಅಂತ ಇಟ್ಕಳ್ರಿ. ಜಗಳ ಆಮೇಲೆ. ಮೊದ್ಲು ಆ ಅಕ್ಕನ್ನ ಆಸ್ಪತ್ರೆಗೆ ಕಳ್ಸಾಣ."

ಪೂಜೆಗಿಟ್ಟ ಮಿಷನ್ನು ಅವತ್ತು ಮುಟ್ಟುವ ಹಾಗಿಲ್ಲ. ಓಬಯ್ಯ ಗಲ್ಲಾ ಮೇಜಿನ ದಪ್ಪ ಗಾಜು ಎತ್ತಿ ನೆಲಕ್ಕೆ ಹಾಸಿ, ಮೇಲೆ ಉಪ್ಪುಕಾಗದ ಇಟ್ಟು, ಕೈಯಲ್ಲೇ ಹೆಡ್ ಉಜ್ಜತೊಡಗಿದ. ದುರ್ಗೇಶ ಬಿಡಿಭಾಗದ ಅಂಗಡಿಯವನ ಮನೆಗೆ ಹೋಗಿ, ಅವನನ್ನು ಪೂಜೆಯಿಂದ ಎಬ್ಬಿಸಿಕೊಂಡು ಬಂದು ಗ್ಯಾಸ್ಕೆಟ್ ಕೊಡಿಸಿದ. ಹನ್ನೆರಡೂವರೆಗೆ ಕಾರು ಹೊರಟಿತು. ಎರಡಕ್ಕೆ ಐದು ನಿಮಿಷ ಇರುವಾಗ ಅನುಸೂಯಳನ್ನು ಒಳಗೆ ಕರೆದುಕೊಂಡರು.

ಆಮೇಲೆ ಓಬಯ್ಯ ದುರ್ಗೇಶನ ಶೆಡ್ಡಿಗೆ ಯಾರನ್ನೂ ಕಳಿಸಲಿಲ್ಲ. ನನ್ನೆದುರೇ ಒಬ್ಬರಿಗೆ, "ಅಲ್ಲಿ ಬೇಡ, ಅವನ ಕೈ ಕೆಟ್ಟೈತೆ" ಅಂದ. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಟೀ ಕುಡಿದು ಎದ್ದು ಬಂದೆ. ಆರು ತಿಂಗಳಿಗೆ ಶೆಡ್ಡಿಗೆ ಬೀಗ ಬಿತ್ತು.

ಈಗ ದುರ್ಗೇಶ ಭರಮಸಾಗರದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಹೋದ ತಿಂಗಳು ದಾವಣಗೆರೆಗೆ ಹೋಗುವಾಗ ಗಾಳಿ ತುಂಬಿಸಲು ನಿಲ್ಲಿಸಿದೆ. ಅವನದೇ ಅಂಗಡಿ ಎಂದು ಗೊತ್ತಿದ್ದೇ ನಿಲ್ಲಿಸಿದೆ. ನಾಲ್ಕು ಚಕ್ರಕ್ಕೂ ಗಾಳಿ ತುಂಬಿ, ಪೈಪು ಸುತ್ತಿಡುತ್ತಾ, "ಅಕ್ಕ ಹೆಂಗವ್ರೆ ಅಣ್ಣ?" ಅಂದ.

"ಇದಾಳೆ ಕಣಪ್ಪ. ಡಯಾಲಿಸಿಸ್ ವಾರಕ್ಕೆ ಮೂರು ಸಲ ಆಗೈತೆ ಈಗ" ಅಂದೆ.

"ದುರ್ಗೇಶಾ" ಎಂದೆ. ತಿರುಗಿದ. ಅಷ್ಟರಲ್ಲಿ ಹಿಂದಿನ ಲಾರಿಯವನು ಹಾರ್ನ್ ಹೊಡೆದ. "ಏನಿಲ್ಲ ಬಿಡು" ಎಂದು ಗೇರು ಹಾಕಿದೆ. ಓಬಯ್ಯನಿಗೂ ಇವತ್ತಿನವರೆಗೆ ಹೇಳಿಲ್ಲ.