ಮಗುಚಿ ಹಾಸಿದ ಕಲ್ಲುಗಳು

ಹೊಳೆದಂಡೆಯ ಪಾರ್ಕಿಗೆ ಬರುವವರಲ್ಲಿ ಮಾಲಿಯಕ್ಕನನ್ನು ಅರಿಯದವರಿಲ್ಲ. ಹೂವಿಗೆ ಕೈಹಾಕಿದ ಮಕ್ಕಳಿಂದ ಹಿಡಿದು ಹುಲ್ಲಿನ ಮೇಲೆ ಪೇಪರ್ ಹಾಸಿ ಗೊರಕೆ ಹೊಡೆಯುವ ದೊಡ್ಡ ಮನುಷ್ಯರವರೆಗೆ ಎಲ್ಲರೂ ಒಂದಲ್ಲ ಒಂದು ದಿನ ಅವಳ ಬಾಯಿಗೆ ಸಿಕ್ಕವರೇ. ಆದರೆ ಅವಳು ನಡೆಯುವಾಗ ಮಾತ್ರ ತಲೆ ಎತ್ತುತ್ತಿರಲಿಲ್ಲ. ಕಾಲುದಾರಿಯ ಹಾಸುಗಲ್ಲುಗಳ ಮೇಲೆಯೇ ಅವಳ ಕಣ್ಣು. ಏನು ಕಳಕೊಂಡಿದ್ದೀಯಕ್ಕ ಎಂದು ಯಾರಾದರೂ ಕೇಳಿದರೆ, ಸಿಕ್ಕಿದರೆ ನಿನಗೂ ಅರ್ಧ ಕೊಡುತ್ತೇನೆ ಎಂದು ನಗಿಸಿ ಸಾಗಹಾಕುತ್ತಿದ್ದಳು. ಕಳೆದುಕೊಂಡದ್ದು ನಿಜ. ಅರ್ಧ ಮಾಡಿ ಹಂಚುವಂಥದ್ದು ಮಾತ್ರ ಆಗಿರಲಿಲ್ಲ.

ಪಾರ್ಕಿನ ಗೇಟಿನ ಪಕ್ಕದಲ್ಲಿ ಹಳೆಯ ಕಬ್ಬಿಣದ ಫಲಕವೊಂದಿದೆ. ಹಾಳುಬಿದ್ದಿದ್ದ ದಂಡೆಯನ್ನು ಉದ್ಯಾನವನ್ನಾಗಿ ಮಾಡಿ ನಗರವಾಸಿಗಳ ವಿಹಾರಕ್ಕೆ ಅರ್ಪಿಸಲಾಗಿದೆ ಎಂದು ಅದರ ಮೇಲಿದೆ. ಹಾಳುಬಿದ್ದಿತ್ತಂತೆ. ಆ ಹಾಳುದಂಡೆಯಲ್ಲೇ ಊರಿನ ಅರ್ಧ ಬಟ್ಟೆ ಒಗೆದು ಒಣಗುತ್ತಿತ್ತು. ಆಸ್ಪತ್ರೆಯ ಹಾಸಿಗೆಯ ಹೊದಿಕೆ, ಶಾಲೆಯ ಪರದೆ, ವಕೀಲರ ಬಿಳಿ ಅಂಗಿ ಎಲ್ಲವೂ ಅಲ್ಲಿಂದಲೇ ಮಡಿಕೆಯಾಗಿ ಹೊರಡುತ್ತಿದ್ದವು. ಫಲಕ ಬರೆಸಿದವರು ತೊಟ್ಟಿದ್ದ ಅಂಗಿಯೂ ಅಲ್ಲೇ ಒಗೆದದ್ದಿರಬೇಕು.

ಒಗೆಯುವವರಲ್ಲಿ ಒಬ್ಬಳು ಮಾಲಿಯಕ್ಕನ ಅಮ್ಮ. ಒಬ್ಬರ ಬಟ್ಟೆ ಇನ್ನೊಬ್ಬರ ಮನೆಗೆ ಹೋಗಬಾರದೆಂದು ಬಟ್ಟೆಯ ಮೂಲೆಗೆ ಶಾಯಿಯ ಗುರುತು ಹಾಕುವುದು ಅವರ ಕಸುಬಿನ ರೂಢಿ. ಕಲ್ಲಿಗೂ ಹಾಗೆಯೇ. ದಂಡೆಯ ಒಂದೊಂದು ಕಲ್ಲೂ ಒಂದೊಂದು ಮನೆಗೆ ಸೇರಿದ್ದು, ಅದರ ಮೇಲ್ಮುಖದ ಅಂಚಿನಲ್ಲಿ ಉಳಿಯಿಂದ ಕೆತ್ತಿದ ಗುರುತು. ಅಮ್ಮನ ಕಲ್ಲಿನದು ಒಂದು ಗೀಟು, ಅದರ ಕೆಳಗೆ ಎರಡು ಚುಕ್ಕಿ. ಅಮ್ಮ ದೊಡ್ಡ ಹೊದಿಕೆಗಳನ್ನು ಬಡಿದು ಸೆಣೆಯುತ್ತಿದ್ದರೆ, ಅದೇ ಕಲ್ಲಿನ ಮೂಲೆಯಲ್ಲಿ ಕರವಸ್ತ್ರ ಹಿಡಿದು ನಿಂತ ಮಗಳಿಗೆ ನೀರೆಲ್ಲ ಮುಖಕ್ಕೇ ಸಿಡಿಯುತ್ತಿತ್ತು. ಬಟ್ಟೆ ಒಗೀತಿದ್ದೀಯೋ, ಸ್ನಾನ ಮಾಡ್ತಿದ್ದೀಯೋ ಎಂದು ಅಮ್ಮ ರೇಗಿಸುತ್ತಿದ್ದಳು.

ಪಾರ್ಕು ಬಂದಾಗ ಒಗೆಯುವವರನ್ನೆಲ್ಲ ಊರಿನ ಇನ್ನೊಂದು ತುದಿಗೆ, ನಲ್ಲಿಯ ಶೆಡ್ಡಿಗೆ ಅಟ್ಟಿದರು. ಅಲ್ಲಿ ಸಿಮೆಂಟಿನ ಕಟ್ಟೆ ಕೊಟ್ಟು ಕೈತೊಳೆದುಕೊಂಡರು. ಕಲ್ಲುಗಳು ಪಾರ್ಕಿನ ಕಾಲುದಾರಿಯಾದವು. ಅಮ್ಮ ಅದಕ್ಕಾಗಿ ಜಗಳವಾಡಲಿಲ್ಲ. ಭಾನುವಾರ ಬಂದರೆ ಮಗಳ ಕೈಹಿಡಿದು ಪಾರ್ಕಿಗೆ ಹೋಗುತ್ತಿದ್ದಳು. ಎಲ್ಲರೂ ಹೂವು ನೋಡಿದರೆ ಇವಳು ನೆಲ ನೋಡುತ್ತಿದ್ದಳು. ಗೀಟು, ಎರಡು ಚುಕ್ಕಿ. ಎಲ್ಲೂ ಇಲ್ಲ. ಬಟ್ಟೆ ಉಜ್ಜಿ ಉಜ್ಜಿ ಕೈ ಸವೆಸಿದ ನಡುವಿನ ತಗ್ಗೂ ಯಾವ ಕಲ್ಲಿನಲ್ಲೂ ಇಲ್ಲ. ನಮ್ಮ ಕಲ್ಲು ಒಡೆದು ಜಲ್ಲಿ ಮಾಡಿರಬೇಕು ಎನ್ನುತ್ತಿದ್ದಳು, ಆದರೂ ಮುಂದಿನ ಭಾನುವಾರ ಮತ್ತೆ ಹೊರಡುತ್ತಿದ್ದಳು. ಕೊನೆಗೆ ಹಾಸಿಗೆ ಹಿಡಿದಾಗಲೂ ಅದೇ ಕನವರಿಕೆ.

"ನನ್ನ ಕಲ್ಲು ಸಿಕ್ಕಿದ್ರೆ ಮನೆಗೆ ತಂದುಬಿಡು ಮಗಾ. ಯಾರ್ಯಾರೋ ಚಪ್ಪಲಿ ಕಾಲಲ್ಲಿ ತುಳೀತಿರ್ತಾರೆ."

ತರುತ್ತೇನೆ ಎಂದು ಮಗಳು ಮಾತು ಕೊಟ್ಟಳು. ಪಾರ್ಕಿನಲ್ಲಿ ಮಾಲಿಯ ಕೆಲಸ ಖಾಲಿಯಾದಾಗ ಹಿಂದೆಮುಂದೆ ನೋಡದೆ ಸೇರಿದ್ದೂ ಅದಕ್ಕೇ. ಸಸಿ ನೆಟ್ಟಳು, ಕಳೆ ಕಿತ್ತಳು, ತಲೆಗೂದಲು ಬೆಳ್ಳಗಾಯಿತು. ಕಲ್ಲು ಮಾತ್ರ ಸಿಗಲಿಲ್ಲ.

ನಿವೃತ್ತಿಗೆ ಇನ್ನೊಂದು ತಿಂಗಳಿದೆ ಎನ್ನುವಾಗ ನಗರದ ಪರಂಪರೆ ಸಮಿತಿಯವರು ಬಂದರು. ಪಾರ್ಕಿನ ಸಂಗೀತ ಮಂಟಪ, ನೆರೆ ಬಂದಾಗಲೆಲ್ಲ ನೀರಿನ ಮಟ್ಟ ಕೆತ್ತಿದ ಗೋಡೆ, ಹಳೆಯ ಕಂಬಿಬೇಲಿ ಇವನ್ನೆಲ್ಲ ಕಾಪಾಡಬೇಕಾದ ಆಸ್ತಿಯೆಂದು ಘೋಷಿಸುವುದಿತ್ತು. ಒಮ್ಮೆ ಘೋಷಣೆಯಾದರೆ ಇಲ್ಲಿಂದ ಒಂದೇ ಒಂದು ಕಲ್ಲೂ ಹೊರಗೆ ಹೋಗುವಂತಿಲ್ಲ. ಅದಕ್ಕೂ ಮೊದಲು, ಅಲ್ಲಲ್ಲಿ ಕುಸಿದಿದ್ದ ಕಾಲುದಾರಿಯ ಕಲ್ಲುಗಳನ್ನು ಎಬ್ಬಿಸಿ ಮತ್ತೆ ಕೂರಿಸುವ ಕೆಲಸ ಒಬ್ಬ ವಯಸ್ಸಾದ ಮೇಸ್ತ್ರಿಯ ಪಾಲಿಗೆ ಬಂತು.

ಮೇಸ್ತ್ರಿ ಹಾರೆ ಹಾಕಿ ಮೊದಲ ಕಲ್ಲನ್ನು ಮಗುಚಿದ. ಪಕ್ಕದಲ್ಲೇ ಪಾತಿ ಮಾಡುತ್ತಿದ್ದ ಮಾಲಿಯಕ್ಕ ಬಗ್ಗಿ ನೋಡಿದಳು. ಕೆಸರು ಮೆತ್ತಿದ ಅಡಿಭಾಗದಲ್ಲಿ ನುಣ್ಣನೆಯ ತಗ್ಗು. ಕಳೆ ಕೀಳುವ ಕುರ್ಪಿಯನ್ನು ಅಲ್ಲೇ ಬಿಟ್ಟು ಬಂದು ಸೆರಗಿನಿಂದ ಅಂಚು ಒರೆಸಿದಳು. ಮೂರು ಗೀಟು. ಅದು ಪಕ್ಕದ ಮನೆಯ ದೊಡ್ಡಮ್ಮನ ಕಲ್ಲು.

ಯಾಕೆ ಹೀಗೆ ತಲೆಕೆಳಗಾಗಿ ಹಾಸಿದರು ಎಂದು ಕೇಳಿದಳು. ಮೇಸ್ತ್ರಿಗೆ ಆ ಪ್ರಶ್ನೆಯೇ ತಮಾಷೆಯಾಗಿ ಕಂಡಿತು. ಸವೆದ ಮುಖ ಮೇಲಿದ್ದರೆ ನೀರು ನಿಲ್ಲುತ್ತದೆ, ಜನ ಜಾರಿ ಬೀಳುತ್ತಾರೆ. ಒರಟು ಬೆನ್ನು ಮೇಲಿರಬೇಕು, ಕಾಲಿಗೆ ಹಿಡಿತ ಸಿಗುತ್ತದೆ. ಕೆಲಸ ಬಲ್ಲ ಯಾರಾದರೂ ಹಾಗೆಯೇ ಕೂರಿಸುತ್ತಾರೆ ಎಂದ. ಇದರಲ್ಲಿ ಯಾರ ಮೋಸವೂ ಇರಲಿಲ್ಲ. ಅಮ್ಮ ಜೀವಮಾನವಿಡೀ ಕಲ್ಲಿನ ಮುಖವನ್ನೇ ಕಂಡವಳು. ಅದರ ಬೆನ್ನು ಹೇಗಿದೆಯೆಂದು ಅವಳು ಒಮ್ಮೆಯೂ ನೋಡಿರಲಿಲ್ಲ. ಭಾನುವಾರ ಭಾನುವಾರವೂ ತನ್ನ ಕಲ್ಲನ್ನು ದಾಟಿಕೊಂಡೇ ಹೋಗಿದ್ದಳು. ಮಾಲಿಯಕ್ಕನಿಗೆ ಅಳು ತಡೆಯಲಾಗಲಿಲ್ಲ.

ಕೆಲಸ ನೋಡಲು ಬಂದಿದ್ದ ಸಮಿತಿಯ ಮೇಡಂ ಅಳು ಕೇಳಿ ಓಡಿ ಬಂದರು. ಗುರುತುಗಳ ಕತೆಯನ್ನು ಕೇಳಿ ಕಲ್ಲಿನ ಪಕ್ಕದಲ್ಲೇ ಕೂತುಬಿಟ್ಟರು. ಪಾರ್ಕಿಗಿಂತ ಹಳೆಯದು ಪಾರ್ಕಿನ ಕಾಲ ಕೆಳಗೇ ಇತ್ತಲ್ಲ ಎಂದರು. ಕಾಲುದಾರಿಗೆ ಬೇರೆ ಕಲ್ಲು ತರಿಸಿ, ಇವನ್ನು ಮತ್ತೆ ದಂಡೆಯಲ್ಲಿ, ನೀರಿನ ಅಂಚಿಗೆ, ಸವೆದ ಮುಖ ಮೇಲೆ ಮಾಡಿ ಸಾಲಾಗಿ ಇಡಿಸಬೇಕೆಂದು ಸಮಿತಿಯನ್ನು ಒಪ್ಪಿಸಿದರು.

ಅಮ್ಮನ ಕಲ್ಲು ಸಿಕ್ಕಿದ್ದು ಮಂಟಪದ ತಿರುವಿನಲ್ಲಿ. ಗೀಟು, ಎರಡು ಚುಕ್ಕಿ. ಮೇಡಂ ಅಂದು ಬಂದಿರಲಿಲ್ಲ. ಮಾಲಿಯಕ್ಕನ ಮುಖ ನೋಡಿದ ಮೇಸ್ತ್ರಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

"ನಾಳೆಯಿಂದ ಕಲ್ಲಿಗೆಲ್ಲ ನಂಬರ್ ಬೀಳುತ್ತೆ," ಎಂದ. "ಇವತ್ತಾದ್ರೆ ಕೈಗಾಡೀಲಿ ನಿಮ್ಮನೆ ಮುಂದೆ ಇಳಿಸಿ ಬರ್ತೀನಿ. ಯಾರಿಗೂ ಗೊತ್ತಾಗಲ್ಲ."

ಮಾಲಿಯಕ್ಕ ಹೂಂ ಎಂದೇಬಿಟ್ಟಳು. ಕೊಟ್ಟ ಮಾತು ತೀರಿಸುವ ಗಳಿಗೆ ಬಂದಿತ್ತು. ಕೆಸರಿನ ಸಮೇತ ಮನೆಗೆ ಒಯ್ಯುವುದು ಬೇಡವೆಂದು ಗಿಡಕ್ಕೆ ಬಿಡುವ ಪೈಪು ಎಳೆದು ತಂದು ಕಲ್ಲನ್ನು ತೊಳೆದಳು. ನಡುವೆ ಅಮ್ಮನ ತಗ್ಗು. ಅಂಗೈ ಇಟ್ಟರೆ ತಣ್ಣಗೆ ಕೂತುಕೊಂಡಿತು. ನೀರು ಅಂಚಿಗೆ ಹರಿದಾಗ ಎಡಗಡೆಯ ಮೂಲೆಯಲ್ಲಿ ಇನ್ನೊಂದು ತಗ್ಗು ಕಂಡಿತು. ಬೊಗಸೆಯಷ್ಟು ಚಿಕ್ಕದು.

ಅದು ತಾನು ಕರವಸ್ತ್ರ ಒಗೆಯುತ್ತಿದ್ದ ಜಾಗ. ಆದರೆ ನಾಲ್ಕು ದಿನ ಕರವಸ್ತ್ರ ಬಡಿದರೆ ಕಲ್ಲು ಸವೆಯುತ್ತದೆಯೇ? ತನಗಿಂತ ಮುಂಚೆ ಅಲ್ಲಿ ಅಮ್ಮ ಹುಡುಗಿಯಾಗಿ ನಿಂತಿರಬೇಕು, ಅವಳ ಅಮ್ಮ ನಡುವೆ ನಿಂತಿರಬೇಕು. ಅದಕ್ಕೂ ಮುಂಚೆ ಅಜ್ಜಿ, ಅಜ್ಜಿಯ ಅಮ್ಮ. ಮೂಲೆಯಲ್ಲಿ ಕಲಿತು ನಡುವಿಗೆ ಬಂದವರು ಎಷ್ಟು ಜನವೋ. ಅಮ್ಮ ನನ್ನ ಕಲ್ಲು ಎಂದದ್ದು ಅವಳೊಬ್ಬಳ ಕಲ್ಲಾಗಿರಲಿಲ್ಲ. ಇದನ್ನು ಒಯ್ದು ಮನೆಯ ನಲ್ಲಿಯ ಪಕ್ಕ ಇಟ್ಟುಕೊಂಡರೆ, ಇಲ್ಲಿ ಒಗೆದವರ ಗುರುತನ್ನು ಅಳಿಸಿ ಗೇಟಿನ ಫಲಕ ಹೇಳುವ ಸುಳ್ಳಿಗೆ ತಾನೂ ಕೈಜೋಡಿಸಿದಂತೆ ಎಂದು ಅವಳಿಗೆ ಅನ್ನಿಸಿತು. ಅಮ್ಮನಿಗಿದ್ದ ಸಂಕಟ ಚಪ್ಪಲಿ ಕಾಲಿನದು. ನೀರಿನ ಅಂಚಿನಲ್ಲಿ ಅದನ್ನು ತುಳಿಯುವವರು ಯಾರೂ ಇರುವುದಿಲ್ಲ.

ಕೈಗಾಡಿ ಹೊಳೆಯ ಕಡೆಗೆ ತಿರುಗಿಸು ಎಂದಳು. ಮೇಸ್ತ್ರಿ ತಿರುಗಿಸಿದ.

ಮರುದಿನ ಮೇಡಂ ಬಂದಾಗ ಅಮ್ಮನ ಕಲ್ಲಿನ ಕತೆಯನ್ನೆಲ್ಲ ಹೇಳಿದಳು. ಹೊಸ ಫಲಕಕ್ಕೆ ಏನು ಬರೆಸೋಣ ಎಂದು ಅವರು ಕೇಳಿದಾಗ, ಈ ದಂಡೆ ಯಾವತ್ತೂ ಹಾಳುಬಿದ್ದಿರಲಿಲ್ಲ ಎಂದು ಮೊದಲು ಬರೆಸಿ, ಉಳಿದದ್ದು ನಿಮಗೆ ಬಿಟ್ಟದ್ದು ಎಂದಳು.

ಕೆಲಸದ ಕೊನೆಯ ದಿನ ಸಮವಸ್ತ್ರದ ಕೋಟನ್ನು ಒಗೆದು ಹಿಂದಿರುಗಿಸುವುದು ಅಲ್ಲಿಯ ನಿಯಮ. ಎಲ್ಲರೂ ಹಿಂದಿನ ದಿನವೇ ಮನೆಯಲ್ಲಿ ಒಗೆದು ತರುತ್ತಾರೆ. ಮಾಲಿಯಕ್ಕ ತಂದಿರಲಿಲ್ಲ. ಮಧ್ಯಾಹ್ನ ಕೋಟನ್ನೂ ಸಾಬೂನನ್ನೂ ಹಿಡಿದು ದಂಡೆಗೆ ಇಳಿದಳು. ಮೇಡಂಗೆ ಮೊದಲೇ ಹೇಳಿದ್ದಳು, ಅವರು ಬೇಡವೆನ್ನಲಿಲ್ಲ. ಸಾಲಿನ ಕೊನೆಯ ಕಲ್ಲನ್ನು ಕೂರಿಸುತ್ತಿದ್ದ ಮೇಸ್ತ್ರಿ ಬೀಡಿ ಹಚ್ಚಿ ನೋಡುತ್ತ ಕೂತ.

ಅಷ್ಟು ದೊಡ್ಡ ಕೋಟು ಅಮ್ಮನ ಕಲ್ಲಿನ ಮೂಲೆಯಲ್ಲಿ ಹಿಡಿಸದೆ ಮತ್ತೆ ಮತ್ತೆ ನೀರಿಗೆ ಜಾರುತ್ತಿತ್ತು. ಅವಳು ಎತ್ತಿ ಎತ್ತಿ ಅಲ್ಲೇ ಇಟ್ಟು ಉಜ್ಜುತ್ತಿದ್ದಳು. ನೀರೆಲ್ಲ ಮುಖಕ್ಕೆ ಸಿಡಿಯುತ್ತಿತ್ತು.

"ನಡುವೆ ಅಷ್ಟು ಜಾಗ ಖಾಲಿ ಇದೆಯಲ್ಲಕ್ಕ," ಎಂದ ಮೇಸ್ತ್ರಿ. "ಯಾಕೆ ಮೂಲೇಲಿ ಒದ್ದಾಡ್ತೀಯ?"

ಅವನು ಹೇಳುವವರೆಗೂ ಮಾಲಿಯಕ್ಕನಿಗೆ ತಾನು ಎಲ್ಲಿ ನಿಂತಿದ್ದೇನೆಂಬುದು ಗಮನಕ್ಕೆ ಬಂದಿರಲಿಲ್ಲ. ಪಕ್ಕಕ್ಕೆ ತಿರುಗಿ ದೊಡ್ಡ ತಗ್ಗನ್ನು ನೋಡಿದಳು. ಆದರೂ ಅಲ್ಲಿಗೆ ಸರಿಯಲಿಲ್ಲ.

"ಅಲ್ಲಿ ಅಮ್ಮ ನಿಲ್ತಾಳೆ," ಎಂದಳು.