ಮೂರನೆಯ ಕರೆ

ಬಸವಕಲ್ಯಾಣದ ಹತ್ತಿರದ ಕೊಹಿನೂರು ಎಂಬ ಊರಿನ ಮುಕ್ತಾಬಾಯಿಯ ಮನೆಯಲ್ಲಿ ಒಂದು ಕಾಯಿದೆ ಇತ್ತು. ಯಾರಾದರೂ ಮನೆಗೆ ಬಾ ಎಂದರೆ, ಊಟಕ್ಕೆ ಏಳು ಎಂದರೆ, ಮೂರು ಸಲ ಕರೆಯುವ ತನಕ ಕೂತ ಜಾಗ ಬಿಟ್ಟು ಏಳಬಾರದು. ಮಗ ಉತ್ತಮ ಈ ಕಾಯಿದೆಯಲ್ಲೇ ಬೆಳೆದ. ಸೊಸೆ ಸರಿತಾ ಮದುವೆಯಾಗಿ ಬಂದ ವಾರದಲ್ಲೇ ಕಲಿತಳು. ಮೊಮ್ಮಗಳು ಸುಜಾತಾಳಿಗಂತೂ ಅದು ಅಕ್ಷರಮಾಲೆಗಿಂತ ಮೊದಲೇ ಬಾಯಿಪಾಠವಾಯಿತು.

“ಮೊದಲನೇ ಕರಿ ಬಾಯಿದು,” ಎನ್ನುತ್ತಿದ್ದಳು ಮುಕ್ತಾಬಾಯಿ, ಮೊಮ್ಮಗಳ ಜಡೆ ಬಿಗಿಯುತ್ತ. “ಎರಡನೇದು ಮಂದಿ ನೋಡ್ಲಿ ಅಂತ. ಮೂರನೇದು ಮಾತ್ರ ಮನಸಿಂದು. ಅದು ಬಂದ್ರ ಹೋಗು, ಇಲ್ಲಂದ್ರ ಗಪ್ಪ ಕುಂದ್ರು.”

ಮುದುಕಿ ಇದನ್ನು ಸುಮ್ಮನೆ ಹುಟ್ಟಿಸಿಕೊಂಡವಳಲ್ಲ. ಏಳೆಂಟು ವರ್ಷದವಳಿದ್ದಾಗ ಊರ ದೊಡ್ಡ ಮನೆಯ ಮದುವೆಯಲ್ಲಿ “ಎಲ್ಲಾರೂ ಊಟಕ್ಕ ಏಳ್ರಿ” ಎಂದು ಕೂಗಿದರು. ಎಲ್ಲಾರೂ ಎಂದರೆ ತಾನೂ ಎಂದು ತಿಳಿದು ಪಂಕ್ತಿಯಲ್ಲಿ ಕೂತಳು. ಬಡಿಸುವವರು ತೋಳು ಹಿಡಿದು ಎಬ್ಬಿಸಿದರು. ಅವಳ ಕೇರಿಯವರಿಗೆ ಕೊಟ್ಟಿಗೆಯ ಹಿಂದೆ ಬೇರೆ ಜಾಗವಿತ್ತು. ಆಮೇಲೆ ಕೇರಿ ಬುದ್ಧನ ಕಡೆ ತಿರುಗಿತು, ಗೋಡೆಯ ಪಟಗಳು ಬದಲಾದವು, ಕಾಲವೂ ಎಷ್ಟೋ ಬದಲಾಯಿತು. ತೋಳಿನ ಮೇಲಿನ ಆ ಹಿಡಿತ ಮಾತ್ರ ಸಡಿಲಾಗಲಿಲ್ಲ. ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಮುಕ್ತಾಬಾಯಿ ಮನೆಮಂದಿಗೆಲ್ಲ ಊದುವುದನ್ನು ಕಲಿಸಿದಳು. ಅದು ತಪ್ಪು ಎನ್ನಲು ಯಾರಿಗೆ ಬಾಯಿ ಬಂದೀತು?

ಮನೆಯೇ ಮೊದಲ ಪಾಠಶಾಲೆ ಎಂದು ಶಾಲೆಯ ಗೋಡೆಗೆ ಬರೆಸಿರುತ್ತಾರೆ. ಎರಡನೇ ಪಾಠಶಾಲೆ ಮೊದಲನೆಯದರ ಪಾಠವನ್ನೇ ಬಡಿದು ಗಟ್ಟಿ ಮಾಡುತ್ತದೆ ಎಂದು ಮಾತ್ರ ಯಾರೂ ಬರೆಸುವುದಿಲ್ಲ. ಊರ ಶಾಲೆಯ ಅಂಬಾದಾಸ ಮಾಸ್ತರರಿಗೆ ನಲವತ್ತೆಂಟು ಮಕ್ಕಳ ವರ್ಗದಲ್ಲಿ ಬಾಯಿ ಬಿಡದ ಒಂದೇ ಮಗು ಸಿಕ್ಕಿತ್ತು. “ಸುಜಾತಾನ ನೋಡಿ ಕಲೀರಿ, ಮಂಗ್ಯಾಗೋಳ” ಎಂದು ಉಳಿದವರನ್ನು ಬೈಯುತ್ತಿದ್ದರು. ಪ್ರಗತಿಪತ್ರದಲ್ಲಿ ವರ್ಷವರ್ಷವೂ ‘ಶಾಂತ ಸ್ವಭಾವ’ ಎಂದು ಬರೆದರು. ಹುಡುಗಿಗೆ ಆಟಕ್ಕೆ ಜೊತೆಯಿಲ್ಲ ಎಂದು ಬರೆಯಲು ಆ ಪತ್ರದಲ್ಲಿ ಜಾಗವಿರಲಿಲ್ಲ.

ಬಸವಕಲ್ಯಾಣದ ಹೈಸ್ಕೂಲಿನ ಹುಡುಗಿಯರು ಮಾಸ್ತರರಂತಲ್ಲ. ಬಿಡುವಿನಲ್ಲಿ ಗೇಟಿನ ಹೊರಗಿನ ಪಾನಿಪುರಿ ಗಾಡಿಗೆ ಹೊರಟವರು “ಏ ಸುಜಾತಾ, ಬರ್ತೀಯೇನ?” ಎಂದು ಕೂಗಿದರು. “ನೀವು ಹೋಗ್ರಿ” ಎಂದಳು. ಮೊದಲನೆಯ ಕರೆಗೆ ಕೊಡಬೇಕಾದ ಉತ್ತರ ಅದು. ಎರಡನೆಯದಕ್ಕೂ ಒಂದು ಉತ್ತರ ಸಿದ್ಧವಿತ್ತು, ಆದರೆ ಅಷ್ಟರಲ್ಲಿ ಅವರು ಗೇಟು ದಾಟಿದ್ದರು. ಹಸಿದ ಹುಡುಗಿಯರಿಗೆ ಮೂರು ಸಲ ಕರೆಯುವ ಪುರಸೊತ್ತು ಎಲ್ಲಿಂದ ಬರಬೇಕು? ತಿಂಗಳೊಳಗೆ ‘ಸೊಕ್ಕಿನ ಸುಜಾತಾ’ ಎಂದು ಹೆಸರು ಬಿತ್ತು, ಆಮೇಲೆ ಒಂದು ಸಲವೂ ಯಾರೂ ಕರೆಯಲಿಲ್ಲ. ಮೂರು ವರ್ಷ ಅವಳು ನಳದ ಪಕ್ಕದ ಕಟ್ಟೆಯ ಮೇಲೆ ಕೂತು ಅವರ ಬೆನ್ನು ನೋಡಿದಳು. ಹೋಗಬೇಕೆಂಬ ಆಸೆಗೆ ಕಣ್ಣು ತುಂಬುತ್ತಿತ್ತು. ಕಾಲು ಏಳುತ್ತಿರಲಿಲ್ಲ.

ಪಿಯುಸಿಗೆಂದು ಹುಮನಾಬಾದಿಗೆ ಬಂದು ಹಾಸ್ಟೆಲು ಸೇರಿದಾಗ ಬೆಂಚಿನಲ್ಲಿ ಪಕ್ಕಕ್ಕೆ ಸಿಕ್ಕವಳು ಆಯೆಷಾ. ಅವಳಪ್ಪ ಖಾಜಾ ಅದೇ ಊರಿನ ಮಾಣಿಕನಗರದಲ್ಲಿ ಆಟೋ ಓಡಿಸುತ್ತಿದ್ದ. ಆಯೆಷಾಳ ಬಾಯಿಗೆ ಬಿಡುವಿಲ್ಲ, ಅದಕ್ಕೊಂದು ಕಿವಿ ಬೇಕಾಗಿತ್ತು. ಸುಜಾತಾ ಪೂರ್ತಿ ಕಿವಿಯೇ. ಆಯೆಷಾ ಯಾವುದನ್ನೂ ಬೇಕೇನು ಎಂದು ಕೇಳುತ್ತಿರಲಿಲ್ಲ. ಪೇರಲ ಹಣ್ಣು ಕಚ್ಚಿ ಉಳಿದರ್ಧವನ್ನು ಕೈಗೆ ತುರುಕುತ್ತಿದ್ದಳು, ಬಜಾರಿಗೆ ರಟ್ಟೆ ಹಿಡಿದು ಎಳೆದೊಯ್ಯುತ್ತಿದ್ದಳು. ಕರೆಯೇ ಇಲ್ಲದ ಮೇಲೆ ಎಣಿಸುವುದೇನು? ಆ ಒಂದು ವರ್ಷ ಸುಜಾತಾ ನಕ್ಕಳು, ಜಗಳವಾಡಿದಳು, ಪ್ರಾಚಾರ್ಯರು ಹ್ಯಾಗೆ ನಡೆಯುತ್ತಾರೆಂದು ವರಾಂಡದಲ್ಲಿ ನಡೆದು ತೋರಿಸಿದಳು. ಕೊಹಿನೂರಿನವರು ಕಂಡಿದ್ದರೆ ಇವಳು ನಮ್ಮ ಹುಡುಗಿಯೇ ಅಲ್ಲ ಎನ್ನುತ್ತಿದ್ದರು.

ಎರಡನೇ ವರ್ಷದ ಶುರುವಿಗೆ ಬಕ್ರೀದ್ ಬಂತು. “ಹಬ್ಬಕ್ಕ ಮನಿಗಿ ಬಾ. ಅಮ್ಮಿ ನಿನ್ನ ನೋಡಬೇಕು ಅನ್ನಾಕತ್ತಾಳ,” ಎಂದಳು ಆಯೆಷಾ. “ನೋಡೂಣ” ಎಂದಳು ಸುಜಾತಾ. ಹಿಂದಿನ ಸಂಜೆ ಆಯೆಷಾ ಫೋನು ಮಾಡಿ ಮತ್ತೆ ಕರೆದಳು. “ನೋಡೂಣ ಅಂದೆನಲ್ಲ,” ಎಂದಳು ಇವಳು. ಪೇರಲ ಹಣ್ಣಿನ ಮಾತು ಬೇರೆ, ಮನೆಯ ಹೊಸ್ತಿಲ ಮಾತು ಬೇರೆ; ಹೊಸ್ತಿಲಿಗೆ ಅಜ್ಜಿಯ ಕಾಯಿದೆಯಲ್ಲಿ ರಿಯಾಯಿತಿ ಇರಲಿಲ್ಲ. ಹಬ್ಬದ ಬೆಳಿಗ್ಗೆ ತಲೆ ತೊಳೆದುಕೊಂಡು, ಇದ್ದುದರಲ್ಲಿ ಚೆಂದದ ಹಸಿರು ಚೂಡಿದಾರ ತೊಟ್ಟು, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಹಾಸ್ಟೆಲಿನ ಮಂಚದ ಮೇಲೆ ಕೂತಳು. ಮೂರನೆಯ ಕರೆ ಬಂದ ಕೂಡಲೇ ಓಡಬೇಕು. ಹತ್ತಾಯಿತು, ಹನ್ನೆರಡಾಯಿತು. ಮೂರು ಗಂಟೆಗೆ ತಣ್ಣಗಾದ ಅನ್ನಸಾರು ತಿಂದು, ಚೂಡಿದಾರ ಬಿಚ್ಚಿ ಮಡಿಚಿಟ್ಟಳು.

ಮರುದಿನ ಆಯೆಷಾ ಬೇರೆ ಬೆಂಚಿನಲ್ಲಿ ಕೂತಿದ್ದಳು. ನಾವು ಯಾರ ಪೈಕಿ ಎಂದು ಇವಳಿಗೆ ಗೊತ್ತಾಗಿರಬೇಕು, ಅದಕ್ಕೇ ಮೂರನೆಯ ಕರೆ ಬರಲಿಲ್ಲ ಎಂದುಕೊಂಡಳು ಸುಜಾತಾ. ಕೇಳಬಹುದಿತ್ತು, ನಡುವೆ ಇದ್ದದ್ದು ಎರಡು ಬೆಂಚು. ಕೇಳಲಿಲ್ಲ. ಊರಿಗೆ ಹೋದಾಗ ಅಜ್ಜಿಯ ಮುಂದೆ ಹೇಳಿಕೊಂಡು ಅತ್ತಳು.

“ಕಾಲ ಬದಲಾಗ್ಯಾದ ಅವ್ವಾ. ಹುಡುಗಿಗಿ ಹಿಂಗೆಲ್ಲ ಕಲಸಬ್ಯಾಡ,” ಎಂದ ಉತ್ತಮ.

“ಬದಲಾಗಿದ್ರ ಕರೀತಿದ್ರು,” ಎಂದಳು ಮುಕ್ತಾಬಾಯಿ, ಮೊಮ್ಮಗಳ ತಲೆ ಸವರುತ್ತ.

ಹುಡುಗಿ ಅಜ್ಜಿಯನ್ನೇ ನಂಬಿದಳು. ಇಡೀ ವರ್ಷ ಒಬ್ಬಳೇ ಕೂತು ಓದಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಮಾತಾಡಲು ಯಾರೂ ಇಲ್ಲದಿದ್ದರೆ ಪಾಸಾಗುವುದು ಕಷ್ಟವಲ್ಲ.

ಜೂನಿನಲ್ಲಿ ಅಂಕಪಟ್ಟಿ ಇಸಿದುಕೊಳ್ಳಲು ಮತ್ತೆ ಹುಮನಾಬಾದಿಗೆ ಬಂದಳು. ಬಸವಕಲ್ಯಾಣದ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಇನ್ನು ಈ ಊರಿಗೆ ಬರಲು ಅವಳಿಗೆ ಕೆಲಸವೇ ಇರಲಿಲ್ಲ. ಯಾಕೆ ಮಾತು ಬಿಟ್ಟೆ ಎಂದು ಇವತ್ತು ಆಯೆಷಾಳನ್ನು ಕೇಳದಿದ್ದರೆ ಸಾಯುವ ತನಕ ಕೇಳುವುದಿಲ್ಲ ಎಂದು ಅನ್ನಿಸಿತು. ಯಾರೂ ಕರೆಯದೆ ಮೊದಲ ಸಲ ಒಂದು ಮನೆಗೆ ಹೊರಟಳು. ಮಾಣಿಕನಗರದಲ್ಲಿ ಆಟೋದ ಖಾಜಾನ ಮನೆ ಯಾವುದೆಂದು ಕೇಳುತ್ತ ನಡೆದಳು.

ಬಾಗಿಲು ತೆಗೆದವಳು ಆಯೆಷಾಳ ತಾಯಿ ತಾಹೇರಾ. “ಯಾರವ್ವಾ?”

“ಸುಜಾತಾ ರಿ. ಆಯೆಷಾನ ಕಾಲೇಜಿನಕಿ.”

ತಾಹೇರಾ ಒಂದು ಗಳಿಗೆ ಅವಳನ್ನೇ ನೋಡಿದಳು. ಆಯೆಷಾ ಹೈದರಾಬಾದಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ನರ್ಸಿಂಗ್ ಕಲಿಯಲು ಹೋಗಿ ಹದಿನೈದು ದಿನವಾಯಿತು ಎಂದಳು. ಒಳಗೆ ಕರೆದು ಚಾಪೆ ಹಾಸಿದಳು. ಆಮೇಲೆ, ಬಹಳ ಮೆತ್ತಗೆ ಕೇಳಿದಳು: “ನಮ್ಮ ಮನ್ಯಾಗ ನೀರ ಕುಡೀತೀಯೇನವ್ವಾ, ಇಲ್ಲಾ ಅಂಗಡಿಂದ ಬಾಟ್ಲಿ ತರಿಸ್ಲಿ?”

ಸುಜಾತಾಳಿಗೆ ಮೊದಲು ತಿಳಿಯಲಿಲ್ಲ. ತಾನು ಈ ಮನೆಯ ನೀರು ಮುಟ್ಟದವಳೆಂದು ಇವರು ನಂಬಿದ್ದಾರೆ ಎಂಬುದು ಆಮೇಲೆ ಹೊಳೆಯಿತು.

“ಅವತ್ತ ಬಕ್ರೀದಿಗಿ ನಿನ್ನ ಸಲುವಾಗಿ ಅಡಿಗಿಗಿ ಹೊಸಾ ಪಾತೇಲಿ ತಂದಿದ್ದೆ,” ಎಂದಳು ತಾಹೇರಾ. “ಅದಕ್ಕ ಗೋಷ್-ಮಾಂಸ ಮುಟ್ಟಿಸಿದ್ದಿಲ್ಲ. ಬ್ಯಾರೆ ಒಲಿ ಹಚ್ಚಿ, ಬರೇ ತರಕಾರಿ ಹಾಕಿ ಪಲಾವ್ ಮಾಡಿದ್ದೆ. ಮಗಳು ಮೂರು ಗಂಟಿ ತನಕ ಬಾಗಲಾಗ ನಿಂತಿದ್ಲು. ನಮ್ಮ ಕೈಯಾಗಿಂದು ತಿನ್ನಾಕ ಆಕಿಗಿ ಮನಸಿಲ್ಲ ಅಮ್ಮಿ ಅಂತ ಅತ್ತಳು.”

ಅಜ್ಜಿಗೆ ಊರು ಏನು ಮಾಡಿತ್ತೋ ಅದನ್ನೇ ತಾನು ಆಯೆಷಾಳಿಗೆ ಮಾಡಿದ್ದಳು, ಅದೂ ಹಸಿರು ಚೂಡಿದಾರ ತೊಟ್ಟುಕೊಂಡು, ಹಸಿದುಕೊಂಡು. ಅವಮಾನ ತಟ್ಟಬಾರದೆಂದು ಕಟ್ಟಿದ ಬೇಲಿಯ ಮುಳ್ಳು ಹೋಗಿ ಹೋಗಿ ಈ ಮನೆಯವರಿಗೆ ಚುಚ್ಚಿತ್ತು. “ನಾವು ಎಲ್ಲಾ ತಿಂತೀವ್ರಿ ಅಮ್ಮಾ,” ಎಂದಳು, ಅಳು ತಡೆಯಲಾಗದೆ. ಅಜ್ಜಿಯ ಪಂಕ್ತಿಯ ಕಥೆ, ಮೂರು ಕರೆಯ ಕಾಯಿದೆ, ಮಂಚದ ಮೇಲೆ ಕಾದದ್ದು ಎಲ್ಲ ಹೇಳಿದಳು.

“ಯಾ ಅಲ್ಲಾ!” ತಾಹೇರಾ ಹಣೆಗೆ ಕೈ ಹಚ್ಚಿದಳು. “ಅವತ್ತ ಮಧ್ಯಾಹ್ನ ಆಕಿ ಇನ್ನೊಮ್ಮಿ ಕರೀತೀನಿ ಅಂತ ಫೋನ್ ಹಿಡ್ದಿದ್ಲು. ಎಷ್ಟ ಸಲ ಕೈ ಮುಗೀತಿ, ಸಾಕು ಮಾಡು ಅಂತ ನಾನೇ ಕಸಗೊಂಡೆ. ನಾನೇ!”

ಆಕೆ ಕೂಡಲೇ ಮಗಳಿಗೆ ಫೋನು ಹಚ್ಚಿ, ಸುಜಾತಾ ಬಂದಿದ್ದಾಳೆಂದು ಹೇಳಿ ಅವಳ ಕೈಗೆ ಕೊಟ್ಟಳು. ಆ ಕಡೆ ಹುಡುಗಿಯರ ನಗು ಕೇಳುತ್ತಿತ್ತು.

“ಹೇಳ್ರಿ,” ಎಂದಳು ಆಯೆಷಾ.

ಒಂದು ವರ್ಷ ‘ನೀ’ ಬಿಟ್ಟು ಬೇರೆ ಮಾತು ಅರಿಯದ ಬಾಯಿ ಅದು. ಸುಜಾತಾ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು, ತಪ್ಪಾಯಿತು ಎಂದಳು.

“ಹೌದೇನ್ರಿ? ನಂಗ ಗೊತ್ತೇ ಇದ್ದಿದ್ದಿಲ್ಲ. ಇರ್ಲಿ ಬಿಡ್ರಿ, ಹಳೇ ಮಾತು.” ಯಾರೋ ಅವಳ ಹೆಸರು ಹಿಡಿದು ಕೂಗಿದರು, ಬಂದೆ ಎಂದು ಅತ್ತ ಹೇಳಿ ಇತ್ತ ತಿರುಗಿದಳು. “ಹೈದರಾಬಾದಿಗಿ ಬಂದ್ರ ಮನಿಗಿ ಬರ್ರಿ ಮತ್ತ.”

ಅದು ಬಾಯಿಯ ಕರೆ ಎಂದು ತಿಳಿಯಲು ಸುಜಾತಾಳಿಗೆ ಅಜ್ಜಿ ಬೇಕಾಗಿರಲಿಲ್ಲ. “ಬರ್ತೀನಿ” ಎಂದಳು. ಮೊದಲನೆಯ ಕರೆಗೇ ಅವಳು ಹೂಂ ಎಂದದ್ದು ಜೀವನದಲ್ಲಿ ಅದೇ ಮೊದಲು. ಅಷ್ಟರಲ್ಲಿ ಫೋನು ಕಟ್ಟಾಗಿತ್ತು.

ತಾಹೇರಾ ಆಸೆಯಿಂದ ಅವಳ ಮುಖವನ್ನೇ ನೋಡುತ್ತಿದ್ದಳು. “ಏನಂದ್ಲವ್ವಾ?”

“ಕರದಾಳ್ರಿ,” ಎಂದಳು ಸುಜಾತಾ.