ಒಣಸಿಗಡಿ ಸುತ್ತಿದ ಪೇಪರು

ಮಿತ್ರರೇ, ಅಪರಾಧ ಒಪ್ಪಿಕೊಳ್ಳುತ್ತಿದ್ದೇನೆ. ಗೋವಾ ಕ್ರೂಸ್ ಮುಗಿಸಿ, ನಾನೂ ಹೆಂಡತಿಯೂ ಅಮ್ಮನ ತವರು ಕುಂದಾಪುರದಲ್ಲಿ ಎರಡು ದಿನ ಇದ್ದು ಬಂದದ್ದನ್ನು ಅಮ್ಮನಿಂದ ಮುಚ್ಚಿಟ್ಟಿದ್ದೆ. ಮಂಡಿನೋವಿನ ತಾಯಿಯನ್ನು ಮನೆಯಲ್ಲೇ ಬಿಟ್ಟು, ಹಡಗಿನ ಮೆಟ್ಟಿಲು ಹತ್ತುವ ಕಷ್ಟ ತಪ್ಪಿಸಿದ ನನ್ನಂಥ ಮಗ ನಾವಿರುವ ಇಡೀ ಡೊಂಬಿವ್ಲಿಯಲ್ಲಿಲ್ಲ ಎಂದು ಬೀಗಿದ್ದೆ ಕೂಡ.

ಇವತ್ತು ಬೆಳಿಗ್ಗೆ ಅಮ್ಮ, ನಾನು ‘ಗೋವಾದ್ದು’ ಎಂದು ಕೊಟ್ಟ ಒಣಸಿಗಡಿಯ ಪೊಟ್ಟಣ ಬಿಚ್ಚಿದಳು.

“ಗೋವಾದಲ್ಲಿ ಕುಂದಾಪುರದ ಪೇಪರ್ ಸಿಗ್ತದಾ ಮಗಾ?”

ಪೇಪರಿನ ಮಡಿಕೆ ಬಿಡಿಸುತ್ತಿದ್ದ ಅವಳ ಬೆರಳು ಒಂದು ಶ್ರದ್ಧಾಂಜಲಿಯ ಫೋಟೋದ ಮೇಲೆ ನಿಂತಿತು. ಅವಳ ಶಾಲೆಯ ಗೆಳತಿ ಗಿರಿಜಾ.

“ಹದಿಮೂರನೇ ದಿನದ ಊಟ ಹೋದ ಭಾನುವಾರ ಅಂತೆ. ಪೇಪರು ಅದರ ಹಿಂದಿನ ದಿನದ್ದು. ಆಗ ನೀವು ಅಲ್ಲೇ ಇದ್ರಿ. ನನ್ನನ್ನೂ ಕರ್ಕೊಂಡು ಹೋಗಿದ್ರೆ ಅವಳ ಹೆಸರಲ್ಲಿ ಒಂದು ತುತ್ತು ಉಣ್ತಿದ್ದೆ.”

ಕ್ರೂಸಿಗೆ ಹೋದವನು ಕ್ರೂರಿಯಾಗಿ ಕೂತಿದ್ದೇನೆ.

ಅಂದ ಹಾಗೆ, ಹಡಗಿನಲ್ಲಿ ಲಿಫ್ಟ್ ಇತ್ತು.